ಹತ್ತು ಬೆರಳಿನ ಹೊನ್ನವ್ವ

ಹೊನ್ನವ್ವನಿಗೆ ಮೊದಲನೇ ಭಾಗದಲ್ಲಿ ಮೂವತ್ತೆರಡು ವರ್ಷ, ಎರಡನೇ ಭಾಗದಲ್ಲಿ ಇಪ್ಪತ್ತನಾಲ್ಕು. ಮೂರನೇ ಭಾಗಕ್ಕೆ ಹತ್ತೊಂಬತ್ತು ಇರಲಿ ಎಂದು ಸೋಮವಾರದ ಮೀಟಿಂಗಿನಲ್ಲಿ ಸುಯೋಗ ಹೇಳಿದಾಗ ನಾನು ಮನಸ್ಸಿನಲ್ಲೇ ಎಣಿಸಿದೆ. ಹೀಗೇ ಇಳಿಯುತ್ತ ಹೋದರೆ ಆರನೇ ಭಾಗದಲ್ಲಿ ಅವಳನ್ನು ತೊಟ್ಟಿಲಿಗೆ ಹಾಕಬೇಕು, ಏಳನೆಯದರಲ್ಲಿ ಅವಳ ಅವ್ವನಿಗೆ ಗಂಡು ನೋಡಬೇಕು.

“ಸರ್, ಮೊದಲನೇ ಭಾಗದಾಗ ಆಕಿಗೆ ಹತ್ತು ವರ್ಷದ ಮಗಳಿದ್ಲು,” ಎಂದೆ. “ಈಗ ಆಕೀನ ಹತ್ತೊಂಬತ್ತು ಅಂದ್ರ ಹೆಂಗ?”

“ಮಗಳನ್ನ ತಗದ ಬಿಡು.”

“ಮೊದಲನೇ ಆಟ ಪೂರಾ ಮಗಳನ್ನ ಹುಡುಕೂದ ಐತಿ ಸರ್.”

“ಸಿಕ್ಕಾಳಲ್ಲ? ಮುಗೀತು. ಸಿಕ್ಕ ಮ್ಯಾಲ ಆಕೀದೇನ ಕೆಲಸ?”

ಸುಯೋಗ ನಮ್ಮ ಕಂಪನಿಯ ಮಾಲೀಕ. ಮೊಬೈಲ್ ಆಟ ಮಾಡುವ ಕಂಪನಿ. ಅವನನ್ನೂ ಸೇರಿಸಿ ಐದು ಜನ. ಉದ್ಯಮಬಾಗದಲ್ಲಿ ಅವನಪ್ಪ ಮಹಾವೀರ ಕಾಕಾ ಅವರ ಫೌಂಡ್ರಿ ಇದೆ. ಅದರ ಮೇಲಿನ ಮಹಡಿಯಲ್ಲಿ, ಮೊದಲು ಎರಕದ ಅಚ್ಚು ಒತ್ತುವ ಕಟ್ಟಿಗೆಯ ಹಳೇ ಪ್ಯಾಟರ್ನುಗಳನ್ನು ತುಂಬಿಡುತ್ತಿದ್ದ ಕೋಣೆಯಲ್ಲಿ, ನಾವು ಕೂರುತ್ತೇವೆ. ಕೆಳಗೆ ಕಬ್ಬಿಣ ಕರಗಿಸುತ್ತಾರೆ, ಮೇಲೆ ನಾವು ಹೊನ್ನವ್ವನನ್ನು.

“ಸ್ವಭಾವ ಏನ್ ಇಡೂಣ್ರಿ ಈ ಸಲ?” ಎಂದು ಚಿತ್ರ ಬಿಡಿಸುವ ಆಕಾಶ ಕೇಳಿದ, ಇಡ್ಲಿಗೆ ಯಾವ ಚಟ್ನಿ ಹಾಕಲಿ ಎನ್ನುವ ಹಾಗೆ.

“ಸಿಟ್ಟಿನಾಕಿ. ಮಾತಾಡಂಗಿಲ್ಲ. ಬಿಲ್ಲು ಹಿಡೀತಾಳ. ಮತ್ತ ನೆನಪು ಹೋಗಿರ್ತೈತಿ.”

“ನೆನಪ್ಯಾಕ ಹೋಗಿರ್ತೈತಿ?” ಎಂದೆ ನಾನು.

“ತಲಿಗೆ ಪೆಟ್ಟು. ನೆನಪ ಹೋತಂದ್ರ ಹಿಂದಿಂದು ಯಾರೂ ಕೇಳೂದಿಲ್ಲ, ನೇತ್ರಾ. ಹೆಸರೂ ಸಣ್ಣದ ಮಾಡೂಣು. ಹನಿ.”

ಮೊದಲ ಭಾಗದಲ್ಲಿ ಹೊನ್ನವ್ವ, ಎರಡನೆಯದರಲ್ಲಿ ಹೊನ್ನಾ, ಈಗ ಹನಿ. ವಯಸ್ಸಿನ ಜೊತೆ ಹೆಸರೂ ಸವೆಯುತ್ತ ಬಂದಿತ್ತು. ನೆನಪು ಹೋದದ್ದು ನಮಗೆ, ಪೆಟ್ಟು ಅವಳ ತಲೆಗೆ. ಆದರೆ ನನ್ನ ಹುದ್ದೆಯ ಹೆಸರು ಕಥೆಗಾರ್ತಿ. ಮೀಟಿಂಗಿನಲ್ಲಿ ಕಥೆಗಾರ್ತಿಯ ಕೆಲಸ ಬರೆದುಕೊಳ್ಳುವುದು. ಬರೆದುಕೊಂಡೆ: ಸಿಟ್ಟು, ಬಿಲ್ಲು, ಪೆಟ್ಟು.

*

ಹೊನ್ನವ್ವ ನನ್ನ ಆಯಿಯವಳು. ಆಯಿ ಅಂದರೆ ನನ್ನ ಅವ್ವನ ಅವ್ವ, ಖಾನಾಪುರದ ನಿಂಗವ್ವ. ಅಪ್ಪ, ಅವ್ವ ಇಬ್ಬರೂ ಸಾಲಿ ಮಾಸ್ತರರು, ವರ್ಷಕ್ಕೊಂದು ಊರು. ಹಾಗಾಗಿ ನಾನು ಆಯಿಯ ಬಳಿ ಬೆಳೆದೆ. ಊಟವಾದ ಮೇಲೆ ಆಯಿ ಮೊರದ ತುಂಬ ಅಕ್ಕಿ ಹಾಕಿಕೊಂಡು ಆರಿಸಲು ಕೂರುತ್ತಿದ್ದಳು. ಮೊರ ಖಾಲಿಯಾಗುವವರೆಗೆ ಕಥೆ, ಖಾಲಿಯಾದರೆ ಕಥೆಯೂ ಅಲ್ಲಿಗೇ ನಿಲ್ಲುತ್ತಿತ್ತು. ಹೊನ್ನವ್ವ ಮರದ ಟೊಂಗೆಯಿಂದ ನೇತಾಡುತ್ತಿದ್ದರೂ ಸರಿಯೇ, ಮರುದಿನದ ತನಕ ನೇತಾಡಬೇಕು.

ಮರುದಿನ ಕಥೆ ಸುಮ್ಮನೆ ಶುರುವಾಗುತ್ತಿರಲಿಲ್ಲ. “ಆಕಿ ಉಡ್ಯಾಗ ಏನೈತಿ?” ಎಂದು ಆಯಿ ಕೇಳುತ್ತಿದ್ದಳು. ಹೊನ್ನವ್ವ ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ಸೆರಗಿನ ಉಡಿಯಲ್ಲಿ ಕಟ್ಟಿಕೊಂಡು ನಡೆಯುವವಳು. ಅವುಗಳನ್ನು ನಾನು ಒಂದೊಂದಾಗಿ ಎಣಿಸಬೇಕು. ಒಂದು ಮರೆತರೆ ಅದು ಉಡಿಯಿಂದ ಉದುರಿ ಹೋಯಿತು, ಆಯಿ ತಿರುಗಿ ಕೊಡುವುದಿಲ್ಲ. ಒಂದು ಸಲ ಉಪ್ಪಿನ ಹರಳು ಮರೆತೆ. ಹೊನ್ನವ್ವ ಮೂರು ದಿನ ಉಪ್ಪಿಲ್ಲದೆ ಉಂಡಳು. ನನ್ನ ತಾಟಿಗೆ ಬಂದ ಸಾರಿಗೂ ಮೂರು ದಿನ ಉಪ್ಪಿರಲಿಲ್ಲ. ನಾಲ್ಕನೇ ದಿನ ಹೊನ್ನವ್ವ ಸಂತೆಗೆ ಹೋಗಿ ಹೊಸ ಹರಳು ತಂದಳು. ಆ ಸಂತೆಗೆ ಹೋಗುವ ದಾರಿಯಲ್ಲೇ ಹುಲಿ ಸಿಕ್ಕಿದ್ದು.

ಹುಲಿಗೆ ಹೊನ್ನವ್ವ, “ಇವತ್ತ ಸೊರಗೀನಿ, ನಾಳೆ ಉಂಡ್ ಬರ್ತೇನಿ, ಆವಾಗ ತಿನ್ನು,” ಎಂದು ಸುಳ್ಳು ಹೇಳಿ ಪಾರಾದಳು. ಮಲಪ್ರಭೆ ದಾಟುವಾಗ ಮೊಸಳೆ ದಾರಿ ಬಿಡಲು ಕೂಲಿ ಕೇಳಿತು. ಎಡಗೈಯ ಕಿರುಬೆರಳು ಕೊಟ್ಟಳು. ಕೊಟ್ಟು, ಹುಡುಕಿ ತಂದ ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ತುಂಬಿದ ಹೊಳೆ ಈಜಿದಳು. ಅಳಲಿಲ್ಲ. ಒಂಬತ್ತು ಬೆರಳಿನಿಂದ ರೊಟ್ಟಿ ಬಡಿಯುವುದು ಹೆಂಗೆ ಎಂದು ಆಯಿ ನನಗೆ ಬಡಿದು ತೋರಿಸಿದ್ದಳು.

ಈ ಕಥೆಯ ಕೊನೆ ಮಾತ್ರ ಆಯಿ ಯಾವತ್ತೂ ಹೇಳಿರಲಿಲ್ಲ. “ಇನ್ನೂ ಮೊರದಾಗ ಅಕ್ಕಿ ಐತಿ,” ಎನ್ನುತ್ತಿದ್ದಳು.

ಮೊದಲನೇ ಭಾಗವನ್ನು ನಾನು ಆಯಿ ಹೇಳಿದಂತೆಯೇ ಬರೆದೆ. ಆಕಾಶ ಒಂಬತ್ತು ಬೆರಳು ಎಣಿಸಿ ಬಿಡಿಸಿದ. ಉಡಿಯಲ್ಲಿ ಏಳು ಸಾಮಾನು ಇರಬೇಕಿತ್ತು, ಪರದೆಯ ಮೇಲೆ ಆರೇ ಬಂದವು. ಏಳನೆಯದು ಹುಲಿಗೆ ಹೇಳಿದ ಸುಳ್ಳು. ಹೇಳಿದ ಸುಳ್ಳನ್ನು ಬಿಚ್ಚಿ ಹೇಳುವ ತನಕ ಹೊತ್ತುಕೊಂಡೇ ತಿರುಗಬೇಕು ಎನ್ನುವುದು ಆಯಿಯ ಕಾನೂನು. “ಸುಳ್ಳಿನ ಚಿತ್ರ ಹೆಂಗ ತಗೀಲಿ?” ಎಂದ ಆಕಾಶ. ಅವಳ ಬಾಯಲ್ಲಿ ಒಂದು ಮಾತು ಹಾಕಿ ಕೈಬಿಟ್ಟೆವು.

ಆಟ ಓಡಿತು. ಹಾಗಾಗಿ ಸುಯೋಗ ಅದನ್ನು ರಿಪೇರಿ ಮಾಡಲು ಹೊರಟ.

ರವಿವಾರ ಪೇಟೆಯಲ್ಲಿ ಅವನ ಸೋದರಮಾವನ ಬೆಲ್ಲದ ಅಂಗಡಿ ಇದೆ. ಅಲ್ಲಿ ಕೂತು ಅವನು ಮಾರುಕಟ್ಟೆ ಸಮೀಕ್ಷೆ ಮಾಡಿದ. ಹನ್ನೊಂದು ಜನರನ್ನು ಕೇಳಿದನಂತೆ, ನಾಯಕಿ ಹೆಂಗಿರಬೇಕು ಅಂತ. ಅದರಲ್ಲಿ ನಾಲ್ವರು ಹಮಾಲರು. ಪ್ರಶ್ನೆ ಕೇಳಿದಾಗ ಅವರ ಬೆನ್ನ ಮೇಲೆ ಬೆಲ್ಲದ ಪೆಂಟಿ ಇತ್ತು. ಒಬ್ಬ, “ಹೆಂಗರ ಇರವಲ್ಲದ್ಯಾಕ್ರಿ, ಬಾಜು ಸರೀರಿ,” ಎಂದ. ಅದನ್ನು ಸುಯೋಗ ‘ಬದಲಾವಣೆಗೆ ಮುಕ್ತ’ ಎಂದು ಬರೆದುಕೊಂಡ. ಇನ್ನೊಬ್ಬ, ಹೆಣ್ಣು ಒಂದಿಷ್ಟು ಅತ್ತರೆ ಚಂದ ಎಂದನಂತೆ. ಹೀಗೆ ಎರಡನೇ ಭಾಗದಲ್ಲಿ ಹೊನ್ನವ್ವ ಅತ್ತಳು. ಮೊಸಳೆಗೆ ಬೆರಳು ಎಸೆದು ಹೊಳೆ ಈಜಿದವಳು ಮೊಣಕಾಲು ನೀರು ಕಂಡು ದಂಡೆಯ ಮೇಲೆ ಕೂತು ಅತ್ತಳು. ವಿಕ್ರಾಂತ ಎನ್ನುವ ರಾಜಕುಮಾರ ದೋಣಿ ತಂದ. ದೋಣಿಯಲ್ಲಿ ಹಾಡೊಂದಿತ್ತು.

ಕಿರುಬೆರಳೂ ಬಂತು. ಯಾರೂ ಅದನ್ನು ಬೇಕೆಂದು ತರಲಿಲ್ಲ. ಈ ಸಲ ಆಕಾಶ ಅವಳ ಮೈ ಬಿಡಿಸುವ ಬದಲು ಎಲ್ಲಿಂದಲೋ ತಯಾರು ಮೈ ಕೊಂಡು ತಂದ. ಅದು ಹತ್ತು ಬೆರಳಿನ ಸಮೇತ ಬಂದಿತ್ತು. “ಒಂದು ತಗಿಯಾಕ ಎರಡು ದಿನ ಹಿಡೀತೈತಿ,” ಎಂದ. ಸುಯೋಗ, “ಇರ್ಲಿ ಬಿಡು, ಬೆಳದೈತಿ ಅನ್ನೂಣು,” ಎಂದ.

ಇನ್ನು ನಾನು. ಆ ಅಳುವಿನ ಮಾತುಗಳನ್ನು ಒಂದು ಬಿಡದೆ ಬರೆದವಳು ನಾನು. ಯಾರೂ ನನ್ನ ಕತ್ತಿನ ಮೇಲೆ ಕುಡುಗೋಲು ಇಟ್ಟಿರಲಿಲ್ಲ. ಒಂದೇ ಮಧ್ಯಾಹ್ನದಲ್ಲಿ ಬರೆದು ಮುಗಿಸಿದೆ, ಚೆನ್ನಾಗಿಯೇ ಬಂತು.

ಆಯಿ ತನ್ನ ಮೊಬೈಲಿನಲ್ಲಿ ಎರಡನೇ ಭಾಗ ತೆರೆದ ಐದು ನಿಮಿಷಕ್ಕೆ ಫೋನ್ ಬಂತು.

“ನೇತ್ರಿ, ಉಡಿ ಖಾಲಿ ಐತಿ.”

“ಅದು ಹೊಸಾ ಭಾಗ ಆಯಿ. ಎಲ್ಲಾ ಮೊದಲಿಂದ ಗಳಿಸಬೇಕು.”

“ಉಡಿ ಖಾಲಿ ಆಗೇತಿ ಅಂದ್ರ ಯಾರೋ ಎಣಿಸೂದ ಮರ್ತಾರ. ಯಾರ ಮರ್ತವ್ರು?”

ನಾನು ಆಗ ಕ್ಯಾಂಟೀನಿನಲ್ಲಿ ನಿಂತಿದ್ದೆ, ಕೈಯಲ್ಲಿ ಚಹಾ. “ನಾ ಅಲ್ಲ ಆಯಿ,” ಎಂದುಬಿಟ್ಟೆ. “ಈ ಸಲ ಬ್ಯಾರೆಯವ್ರು ಬರದಾರ. ಪುಣೆದವ್ರು.”

“ಪುಣೆದವ್ರ?”

“ಹೂಂ.”

“ಹಂಗಾದ್ರ ಆತು.”

ಅವತ್ತಿನಿಂದ ಕಥೆ ನಿಂತಿತು. ರವಿವಾರ ಖಾನಾಪುರಕ್ಕೆ ಹೋದರೆ ಆಯಿ ಊಟ ಹಾಕುತ್ತಾಳೆ, ತಲೆಗೆ ಎಣ್ಣೆ ಹಚ್ಚುತ್ತಾಳೆ, ಮೊರ ಹಿಡಿದು ಸುಮ್ಮನೆ ಅಕ್ಕಿ ಆರಿಸುತ್ತಾಳೆ. “ಮುಂದೇನಾತು ಆಯಿ?” ಎಂದರೆ ಒಂದೇ ಉತ್ತರ. “ಪುಣೆದವ್ರನ್ನ ಕೇಳು.” ಎಂಟು ತಿಂಗಳಾಗಿತ್ತು. ಇಪ್ಪತ್ತು ವರ್ಷ ಕಾದ ಕೊನೆ, ಒಂದು ಕಪ್ ಚಹಾ ಆರುವುದರೊಳಗೆ ಹೇಳಿದ ಸುಳ್ಳಿನಿಂದ ಕೈ ತಪ್ಪಿತ್ತು.

*

ನಮ್ಮ ಮೆಟ್ಟಿಲ ಗೋಡೆಯ ಮೇಲೆ ಎರಡನೇ ಭಾಗದ ದೊಡ್ಡ ಪೋಸ್ಟರ್ ಇತ್ತು. ಹೊನ್ನಾ ಎಡಗೈ ಹಣೆಗೆ ಹಚ್ಚಿ ದೋಣಿಯ ದಾರಿ ಕಾಯುತ್ತಿದ್ದಳು. ಒಂದು ದಿನ ಆ ಕೈಯ ಕಿರುಬೆರಳ ಮೇಲೆ ಕೆಂಪು ಬಣ್ಣದ ಬೊಟ್ಟು ಕಾಣಿಸಿತು. ಯಾರೋ ಉಗುರಿಗೆ ಬಣ್ಣ ಹಚ್ಚಿದ್ದಾರೆ ಎಂದ ಆಕಾಶ. “ಅಭಿಮಾನಿ,” ಎಂದ ಸುಯೋಗ, “ಕುಂಕುಮ ಏರಿಸ್ಯಾರ.” ಫೌಂಡ್ರಿಯ ಮಸಿಯಲ್ಲಿ ಮೆಟ್ಟಿಲು ಹತ್ತಿ ಬಂದು ಕುಂಕುಮ ಏರಿಸುವ ಅಭಿಮಾನಿ ನಮಗೆ ಇರಲಿಲ್ಲ. ಥಿನ್ನರ್ ಹಾಕಿ ಒರೆಸಿದರು. ಎರಡು ದಿನಕ್ಕೆ ಮತ್ತೆ ಬಂತು. ಮೂರು ಸಲ ಒರೆಸಿದರು, ಮೂರು ಸಲ ಬಂತು.

ಆ ಸೋಮವಾರದ ಮೀಟಿಂಗ್ ಮುಗಿಯುವ ಮೊದಲು ಆಕಾಶ ಒಂದು ತೊಡಕು ಎತ್ತಿದ. ಮೂರನೆಯದು ಕೊನೆಯ ಭಾಗ ಎಂದು ನಾವು ಪುಣೆಯ ಹಂಚಿಕೆದಾರರಿಗೆ ಬರೆದುಕೊಟ್ಟಿದ್ದೆವು. ಕೊನೆ ಎಲ್ಲಿದೆ?

ಎಲ್ಲರೂ ನನ್ನ ಕಡೆ ನೋಡಿದರು.

“ನಿಮ್ಮ ಅಜ್ಜಿ ಕಡೆ ಐತೆಲ್ಲ?” ಎಂದ ಸುಯೋಗ. “ಹೋಗಿ ತಗೊಂಡ್ ಬಾ.” ಉಪ್ಪಿನಕಾಯಿ ತರಲು ಹೇಳಿದಂತಿತ್ತು.

“ಆಕಿ ಹೇಳಂಗಿಲ್ಲ ಸರ್.”

“ಯಾಕ ಹೇಳಂಗಿಲ್ಲ? ನಾನ ಬರ್ತೇನಿ. ರವಿವಾರ ಹೋಗೂಣು. ಅಜ್ಜಿಗಳಿಗೆ ನಾ ಅಂದ್ರ ಭಾಳ ಜೀವ.”

ಇವನು ಆಯಿಯ ಮುಂದೆ ಬಾಯಿ ತೆರೆದರೆ, “ಎರಡನೇ ಭಾಗ ನೇತ್ರಾನ ಬರದಾಳ್ರಿ, ಏನ್ ಅಳಿಸ್ಯಾಳ!” ಎಂದು ಹೊಗಳದೆ ಬಿಡುವವನಲ್ಲ. ವಾರವಿಡೀ ಹೆದರಿಕೆಯಲ್ಲಿ ಕಳೆದೆ. ದಾರಿಯಲ್ಲಿ ಕಾರು ಕೆಡಲಿ ಎಂದು ಬೇಡಿಕೊಂಡೆ. ಕಾರು ಕೆಡಲಿಲ್ಲ, ಅದು ಮಹಾವೀರ ಕಾಕಾ ಅವರದು, ಮಗನ ಕೈಗೆ ಕೊಡುವುದಿಲ್ಲ ಎಂದು ಅವರೇ ಓಡಿಸಿಕೊಂಡು ಬಂದರು.

ಕಾಕಾ ಮಾತು ಕಡಿಮೆ. ಭಟ್ಟಿ ಕಾಯುವ ತನಕ ಬಾಗಿಲ ಬಳಿ ಕುರ್ಚಿ ಹಾಕಿ ಮೊಬೈಲ್ ನೋಡುತ್ತ ಕೂರುತ್ತಾರೆ, ಪ್ರವಚನ ಕೇಳುತ್ತಾರೆ ಎಂದು ನಾವು ತಿಳಿದಿದ್ದೆವು. ಮೂರು ವರ್ಷದಲ್ಲಿ ನಮ್ಮ ಆಟದ ಬಗ್ಗೆ ಒಂದು ಮಾತು ಆಡಿರಲಿಲ್ಲ. ಮಚ್ಛೆ ದಾಟಿತು, ದೇಸೂರು ದಾಟಿತು, ಹನಿ ಎಂಬ ಹೆಸರಿನ ಗುಣಗಳನ್ನು ಸುಯೋಗ ಹಿಂದಿನ ಸೀಟಿನಿಂದ ವಿವರಿಸುತ್ತಲೇ ಇದ್ದ. ಕಾಕಾ ಕನ್ನಡಿಯಲ್ಲಿ ಒಮ್ಮೆ ಮಗನನ್ನು ನೋಡಿದರು. ಅಷ್ಟೇ.

*

“ಬರ್ರಿ, ಕುಂದರ್ರಿ ಸಾವ್ಕಾರ್ರ,” ಎಂದು ಆಯಿ ಕಾಕಾಗೆ ಕುರ್ಚಿ ತೋರಿಸಿದಳು. ಒಗ್ಗರಣೆ ಅವಲಕ್ಕಿ ತಂದಿಟ್ಟಳು. “ಉಳ್ಳಾಗಡ್ಡಿ ಹಾಕಿಲ್ಲ. ನೀವು ಜೈನರು ತಿನ್ನಂಗಿಲ್ಲಂತ ಗೊತ್ತೈತಿ.” ಅವರು ತಿನ್ನುವಾಗ ತಾನು ಮೊರದ ಮುಂದೆ ಕೂತಳು. ಅಕ್ಕಿ ಇತ್ತು, ಇವತ್ತಾದರೂ ಕಥೆ ಬಂದೀತು ಎಂದು ನನಗೆ ಆಸೆ ಹುಟ್ಟಿತು.

ಸುಯೋಗ ಶುರು ಮಾಡಿದ. “ಅಜ್ಜಿ, ನಿಮ್ಮ ಹೊನ್ನವ್ವ ಈಗ ಬ್ರ್ಯಾಂಡ್ ಆಗ್ಯಾಳ.”

“ಏನ್ ಆಗ್ಯಾಳ?”

“ಅಂದ್ರ... ಎಲ್ಲಾರಿಗೂ ಗೊತ್ತಾಗ್ಯಾಳ.”

“ನಿನಗ ಗೊತ್ತೇನು?”

“ನನಗ ಗೊತ್ತಿರ್ಲಿಲ್ಲ ಅಂದ್ರ ಹೆಂಗ ಅಜ್ಜಿ? ನಾನ ಮಾಡಸೀನಿ.”

“ಹಂಗಾರ ಹೇಳು. ಆಕಿ ಉಡ್ಯಾಗ ಏನೈತಿ? ಎಣಿಸಿದ್ರ ಕಡೀ ಮಾತು ಹೇಳ್ತೇನಿ.”

ಸುಯೋಗ ನಕ್ಕ. ಇಷ್ಟು ಸುಲಭವೇ ಎನ್ನುವ ನಗು ಅದು. “ಬಿಲ್ಲು,” ಎಂದ.

“ಬಿಲ್ಲನ್ನ ಉಡ್ಯಾಗ ಯಾರಾರ ಕಟ್ಕೊಂತಾರೇನೋ?”

“ಮತ್ತ... ಪವರ್. ಎನರ್ಜಿ. ಒಂದು ವಜ್ರ ಇತ್ತಲ್ಲ, ನೇತ್ರಾ? ಎರಡನೇದರಾಗ?”

“ಅದು ರಾಜಕುಮಾರ ಕೊಟ್ಟಿದ್ದು ಸರ್, ಜಾಹೀರಾತು ನೋಡಿದ್ರ ಸಿಗೂದು.”

“ಹಾಂ, ಅದು.”

ಆಯಿ ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದಳು. “ನೀ ಹೇಳ ನೇತ್ರಿ.”

“ಉಪ್ಪಿನ ಹರಳು,” ಎಂದೆ. “ತುದಿ ಮುರದ ಕುಡುಗೋಲು. ಮೂರು ಗೇರುಬೀಜ. ಕುರುಡಿ ಮುದುಕಿ ಕೊಟ್ಟ ಕನ್ನಡಿ. ತವರಮನಿ ಒಲಿ ಬೂದಿ. ಸಪ್ಪಳಾ ಮಾಡದ ಗೆಜ್ಜಿ.” ನಿಂತೆ. ಆರು ಚಿತ್ರ ಬಿಡಿಸಿದ್ದೆವು, ಆರೂ ಆಯಿತು. ಆಯಿ ಕಾಯುತ್ತಿದ್ದಳು. ಮೊರದ ಮೇಲೆ ಅವಳ ಬೆರಳು ಆಡುತ್ತಿರಲಿಲ್ಲ. ಏಳು ಎಂದು ಗೊತ್ತಿತ್ತು. ಏಳನೆಯದು ಮಾತ್ರ ನೆನಪಿಗೆ ಬರಲೊಲ್ಲದು.

“ಒಂದು ಸುಳ್ಳು.”

ಹೇಳಿದವರು ಮಹಾವೀರ ಕಾಕಾ. ಅವಲಕ್ಕಿಯ ತಾಟು ಕೆಳಗಿಟ್ಟು ಕೈ ಒರೆಸಿಕೊಂಡರು. “ಹುಲಿಗೆ ಹೇಳಿದ್ದು. ಮೊದಲನೇ ಭಾಗದಾಗ ಗುಡ್ಡಾ ಇಳಿಯೂ ಮುಂದ ಆಕಿ ಅಂತಾಳ, ಇದನ್ನೂ ಹೊತ್ಕೊಂಡ ಹೋಗಬೇಕಲ್ಲ ಅಂತ. ಏಳು. ಒಂಬತ್ತು ಬೆರಳು. ಎಡಗೈಯಾಗ ಕುಡುಗೋಲು.”

ಸುಯೋಗ ಅಪ್ಪನ ಕಡೆ ತಿರುಗಿದ. “ಪಪ್ಪಾ, ನೀವು ಆಟ ಆಡೀರೇನು?”

“ಮೂರು ಸಲ. ಭಟ್ಟಿ ಕಾಯೂ ತನಕ ಏನ್ ಮಾಡ್ಲಿ? ಎರಡನೇದ ಒಂದ ಸಲ ಆಡಿ ರಿಜೆಕ್ಟ್ ಮಾಡೀನಿ.”

“ಅಂದ್ರ ಪೋಸ್ಟರ್ ಮ್ಯಾಲ...”

“ಮತ್ತ್ಯಾರು? ಅಳತಿ ಮಾಪಿಗೆ ಕೂಡದ ಪೀಸಿಗೆ ಕೆಂಪು ಹಚ್ಚೂದು ನಮ್ಮ ಫೌಂಡ್ರಿ ಪದ್ಧತಿ. ಕೆಟ್ಟದ್ದ ಎಲ್ಲೈತೋ ಅಲ್ಲೇ ಹಚ್ಚಬೇಕು. ನೀವು ಒರಸಿದ್ರಿ. ರಿಜೆಕ್ಷನ್ ಗುರುತ ಒರಸಿದಾವನ್ನ ನಾ ಕೆಳಗಿನ ಶೆಡ್ಡಿನಾಗ ಆಗಿದ್ರ ಅವತ್ತ ಮನೀಗೆ ಕಳಸ್ತಿದ್ದೆ.” ಇಷ್ಟು ಮಾತು ಅವರ ಬಾಯಿಂದ ಒಟ್ಟಿಗೆ ಬಂದದ್ದನ್ನು ನಾನು ಕೇಳಿರಲಿಲ್ಲ. “ಎಲ್ಲಿಂದೋ ಎರಕಾ ತಂದು ನಮ್ಮ ಹೆಸರ ಒತ್ತಿ ಮಾರಿದಂಗ ಆತು ಅದು. ಆ ಹೆಣಮಗಳು ಹೊನ್ನವ್ವ ಅಲ್ಲ. ಯಾವಾಕೋ.”

“ಖರೇ ಅಂದ್ರಿ ಸಾವ್ಕಾರ್ರ,” ಎಂದಳು ಆಯಿ. “ಪುಣೆದವ್ರು ಮಾಡ್ಯಾರಂತ.”

ಬಂತು, ಎಂದುಕೊಂಡೆ.

“ಪುಣೆದವ್ರು ಏನ್ ಮಾಡ್ಯಾರ್ರಿ?” ಎಂದರು ಕಾಕಾ. “ಅವ್ರು ಬರೇ ಹಂಚಾವ್ರು. ಕಡೀಕ ಹೆಸರ ಬರ್ತಾವಲ್ಲ, ಅದರಾಗ ಕಥೆ ನೇತ್ರಾ ಅಂತ...” ಅಷ್ಟರಲ್ಲಿ ನನ್ನ ಮುಖ ನೋಡಿ ನಿಲ್ಲಿಸಿದರು. ಮಾಪು ಹಿಡಿಯುವವರ ಕಣ್ಣು ಅದು, ಅರ್ಧ ಮಾತಿನಲ್ಲಿಯೇ ಎಲ್ಲಿ ಕೂಡಿಲ್ಲ ಎಂದು ಕಂಡುಕೊಂಡಿತು.

ಸುಯೋಗನಿಗೆ ಏನೂ ಕಾಣಲಿಲ್ಲ. “ಹೌದ ಅಜ್ಜಿ, ಪೂರಾ ನಿಮ್ಮ ಮೊಮ್ಮಗಳ ಬರದಾಳ. ಏನ್ ಅಳಿಸ್ಯಾಳ ಅಂತೀರಿ!”

ಅಂಗಳದಲ್ಲಿ ಗುಬ್ಬಿಗಳು ಬಂದು ಆಯಿ ಎಸೆದ ಕಲ್ಲನ್ನು ಕುಕ್ಕಿ ನೋಡಿ ಬಿಟ್ಟವು.

“ನಾನ ಬರದೀನಿ ಆಯಿ,” ಎಂದೆ. “ಉಡಿ ಎಣಿಸೂದ ನನಗ ಗೊತ್ತಿತ್ತು. ಖಾಲಿ ಇಡು ಅಂದ್ರು, ಇಟ್ಟೆ. ಅಳಸು ಅಂದ್ರು, ಅಳಿಸಿದೆ. ಪುಣೆದವ್ರು ಅಂದಿದ್ದು ಸುಳ್ಳು.”

“ಗೊತ್ತಿತ್ತು.”

“ಹೆಸರ ಓದಿದ್ದೇನು?”

“ಅವು ಇಂಗ್ಲಿಷ್‌ದಾಗ ಇರೂದು ನಾ ಹೆಂಗ ಓದ್ಲಿ? ಅಳು ಕೇಳಿದೆ. ‘ಕಾಲಿಗೆ ತಳಾ ಸಿಗವಲ್ದು, ತಳಾ ಸಿಗವಲ್ದು’ ಅಂತ ಅಳ್ತಾಳಲ್ಲ ಆಕಿ? ನೀ ಎಂಟು ವರ್ಷದಾಕಿ ಇದ್ದಾಗ ಇದ ಹೊಳಿ ದಂಡಿಮ್ಯಾಲ ಹಂಗ ಅತ್ತಿದ್ದಿ, ಹಿಂಗ ಸೊಂಡಿ ತಿರುವಿ. ಮೊಣಕಾಲ ನೀರಾಗ.” ಆಯಿ ತುಟಿ ತಿರುವಿ ತೋರಿಸಿದಳು. ಸುಯೋಗ ನಕ್ಕುಬಿಟ್ಟ. “ಹೊನ್ನವ್ವನ ಸೀರಿ ಉಟ್ಕೊಂಡು ನೀನ ಹೋಗಿ ಕುಂತೀದಿ ಖೋಡಿ. ರಾಜಕುಮಾರ ಬರ್ತಾನಂತ, ದೋಣಿ ತರ್ತಾನಂತ. ಆ ಹತ್ತು ಬೆರಳಿನಾಕಿ ಮತ್ತ್ಯಾರು? ನೀನ.”

ಹಮಾಲರು, ತಯಾರು ಮೈ, ಸುಯೋಗನ ಸಮೀಕ್ಷೆ ಎಂದು ಒಂದು ವರ್ಷದಿಂದ ಯಾರ್‍ಯಾರ ಮೇಲೋ ನಗುತ್ತ ಬಂದಿದ್ದೆ. ಆ ದೋಣಿಯ ಹಾಡನ್ನು ಬರೆಯಲು ಯಾರೂ ಹೇಳಿರಲಿಲ್ಲ ಎನ್ನುವುದು ಆಗ ನೆನಪಾಯಿತು. ಅದು ನಾನೇ ಮೇಲೆ ಹಾಕಿದ್ದು.

“ನೀ ನಿನ್ನ ಬಾಯಿಲೆ ಅನ್ನೂ ತನಕ ಕಾಯಬೇಕಂತ ಕುಂತಿದ್ದೆ,” ಎಂದಳು ಆಯಿ. “ಈಗ ಉಡ್ಯಾಗಿಂದ ಒಂದು ಇಳೀತು. ಮುಂದ ಹೇಳೂಣು.” ಕಾಕಾ ಕಡೆ ತಿರುಗಿದಳು. “ಹೂಂ ಅನಕೊಂತ ಇರಬೇಕ್ರಿ ಸಾವ್ಕಾರ್ರ.”

“ಹೂಂ,” ಎಂದರು ಕಾಕಾ, ಕುರ್ಚಿಯಿಂದಿಳಿದು ಚಾಪೆಯ ಮೇಲೆ ಕೂತು.

“ಮಗಳನ್ನ ಮನಿ ಮುಟ್ಟಿಸಿ ಮತ್ತ ಹೊಂಟ ಹೊನ್ನವ್ವ, ಹನ್ನೆರಡು ವರ್ಷ ಅಡವಿ ತಿರುಗಿ ಮನೀಗೆ ಬಂದ್ಲು. ದಾರ್‍ಯಾಗ ಹುಲೀನ ಹುಡುಕಿ, ಅವತ್ತ ಸುಳ್ಳ ಹೇಳಿದ್ದೆಪಾ ಅಂದ್ಲು. ಅದಕ್ಕ ಹಲ್ಲ ಬಿದ್ದಿದ್ದುವು. ಹೋಗ ತಾಯಿ ಅಂತು. ಮನೀಗೆ ಬಂದ್ರ ಬಾಗಲಾಗ ಒಬ್ಬಾಕಿ ಕುಂತಾಳ. ಆಕೀದ ಸೀರಿ, ಆಕೀದ ಹೆಸರು. ಮಗಳಿಗೂ ಗುರ್ತ ಸಿಗವಲ್ದು. ಊರಾವ್ರು, ಹೊನ್ನವ್ವ ಇಕೀನ, ಚಂದ ಅಳ್ತಾಳ, ನೀ ಯಾರು ಅಂತಾರ.”

“ಹೂಂ.”

“ಅಡವಿಯಿಂದ ಬಂದಾಕಿ ಉಡಿ ಬಿಚ್ಚಿ ತೋರ್ಸಿದ್ಲು. ಉಪ್ಪು, ಬೂದಿ, ಕನ್ನಡಿ. ಯಾರಿಗೂ ನೆನಪಿಲ್ಲ. ಆವಾಗ ಹೊಳ್ಯಾಗಿಂದ ಮೊಸಳಿ ಎದ್ದ ಬಂತು. ಬಾಯಿ ತಗೀತು. ನಾಲಿಗಿ ಮ್ಯಾಲ ಕಿರಿಬೆರಳು, ಇಟ್ಟಂಗ ಐತಿ. ಇದು ಯಾರ ಕೈಗೆ ಕೂಡ್ತೈತಿ ಆಕಿ ಹೊನ್ನವ್ವ ಅಂತು.”

“ಅಳತಿ ಗೇಜ್ ಹಚ್ಚಿ ನೋಡಿದಂಗ,” ಎಂದರು ಕಾಕಾ, ಹೂಂ ಎನ್ನುವುದನ್ನು ಮರೆತು.

“ಹತ್ತು ಬೆರಳಿನಾಕಿ ಕೈಯಾಗ ಜಾಗಾನ ಇಲ್ಲ. ಊರಾವ್ರು ಕಲ್ಲ ತಗೊಂಡ್ರು. ಮುಂಜಾನಿ ಆಕಿಗೆ ಆರತಿ ಎತ್ತಿದವ್ರ ಅವ್ರು. ಹೊನ್ನವ್ವ ಕೈ ಅಡ್ಡ ಹಿಡದ್ಲು. ಆಕೀನ ಹೊಳಿಗೆ ಕರಕೊಂಡ ಹೋದ್ಲು. ನಡಾ ಹಿಡದು ಈಜ ಕಲಿಸಿದ್ಲು. ಒಂಬತ್ತು ಬೆರಳಿಲೆ.”

“ಆಮ್ಯಾಲ?” ಎಂದೆ.

“ಆಮ್ಯಾಲ ಏನು? ಮೊರ ಖಾಲಿ ಆತು.” ನಿಜವಾಗಿಯೂ ಖಾಲಿಯಾಗಿತ್ತು.

ನನಗೊಂದು ಅನುಮಾನ ಎದ್ದಿತು. ಇಪ್ಪತ್ತು ವರ್ಷದ ಹಿಂದಿನ ಕಥೆಯಲ್ಲಿ, ಹೋದ ವರ್ಷ ಆಕಾಶ ಕೊಂಡು ತಂದ ಮೈಗೆ ಜಾಗ ಎಲ್ಲಿಂದ ಬಂತು? “ಆಯಿ, ಮೊದಲಿಂದ ಹಿಂಗ ಇತ್ತೇನು ಇದು?”

“ಹಿಂದಿಂದು ಒಂದರ ಬಿಟ್ಟೀನೇನು?”

“ಇಲ್ಲ.”

“ಹಂಗಾರ ಮೊದಲಿಂದ ಹಿಂಗ ಇತ್ತು.”

ತಿರುಗಿ ಬರುವಾಗ ದೇಸೂರಿನ ತನಕ ಸುಯೋಗ ಬೆರಳು ಮಡಚಿ ಏನೋ ಎಣಿಸುತ್ತಿದ್ದ. ಆಮೇಲೆ ಯಾರೋ ತೀರಿಕೊಂಡ ಸುದ್ದಿ ಬಂದಂತೆ, “ಮೂವತ್ತೆರಡಕ್ಕ ಹನ್ನೆರಡು ಕೂಡಿಸಿದ್ರ ನಲವತ್ತನಾಲ್ಕು ಆಗ್ತೈತಲ್ಲ!” ಎಂದ. “ನಲವತ್ತನಾಲ್ಕು ವರ್ಷದ ಹೀರೋಯಿನ್‌ನ ಯಾರ ಡೌನ್‌ಲೋಡ್ ಮಾಡ್ತಾರ?”

“ನಾ ಮಾಡ್ತೇನಿ,” ಎಂದರು ಕಾಕಾ. “ಇನ್ನ ಮ್ಯಾಲ ಮಾಲು ಗೇಟು ದಾಟೂಕಿಂತ ಮೊದಲ ಇನ್ಸ್‌ಪೆಕ್ಷನ್ ನಂದು. ಜಾಗಾ ನಂದೈತಿ, ಕರೆಂಟ್ ನಂದೈತಿ.”

*

ಮೂರನೇ ಭಾಗ ಹೊರಬಿದ್ದು ಈಗ ಆರು ವಾರ. ಆಟ ಶುರುವಾಗುವ ಮೊದಲು ಉಡಿಯಲ್ಲಿ ಏನಿದೆ ಎಂದು ಎಣಿಸಬೇಕು; ಮರೆತದ್ದು ಉದುರಿ ಹೋಗುತ್ತದೆ. ಏಳನೆಯದಕ್ಕೆ ಚಿತ್ರ ಇಲ್ಲ, ಬರೀ ಖಾಲಿ ಚೌಕ. ಅದನ್ನು ಒತ್ತಬೇಕು ಎಂದು ತಾನಾಗಿ ಹೊಳೆಯಬೇಕು. ಜನ ಸಿಟ್ಟಿಗೆದ್ದಿದ್ದಾರೆ. ‘ಹೀರೋಯಿನ್‌ಗೆ ವಯಸ್ಸಾಗಿದೆ, ಒಂದು ನಕ್ಷತ್ರ.’ ‘ಇದೇನು ಆಟವೋ ಪರೀಕ್ಷೆಯೋ.’ ‘ರಾಜಕುಮಾರ ಎಲ್ಲಿ?’ ‘ಒಂದು ಬೆರಳು ಕಾಣುತ್ತಿಲ್ಲ, ಬೇಗ ಸರಿಪಡಿಸಿ.’ ಇದು ನಲವತ್ತು ಜನರ ದೂರು; ಆಕಾಶ ಎಲ್ಲರಿಗೂ ಒಂದೇ ಉತ್ತರ ಬರೆಯುತ್ತಾನೆ, ಮೊಸಳೆಯನ್ನು ಕೇಳಿ ಎಂದು. ಕೊನೆಯಲ್ಲಿ ಓಡುವ ಹೆಸರುಗಳನ್ನು ಈ ಸಲ ಕನ್ನಡದಲ್ಲಿ ಹಾಕಿಸಿದ್ದೇನೆ. ಆಯಿ ಓದಿ, “ಅಕ್ಷರಾ ಸಣ್ಣವು ಆದುವು,” ಎಂದಳು. ಮೊನ್ನೆ ರವಿವಾರ ಹೊಸ ಮೊರ ತುಂಬಿಕೊಂಡು ಬೇರೊಬ್ಬಳ ಕಥೆ ಶುರು ಮಾಡಿದ್ದಾಳೆ. ಅವಳ ಉಡಿಯಲ್ಲಿ ಸದ್ಯಕ್ಕೆ ಒಂದು ಸೂಜಿ ಮಾತ್ರ.

ಮೆಟ್ಟಿಲ ಗೋಡೆಯ ಪೋಸ್ಟರ್ ಬದಲಾಗಿದೆ. ನಡುವಯಸ್ಸಿನ ಹೆಂಗಸೊಬ್ಬಳು ಇನ್ನೊಬ್ಬಳ ನಡು ಹಿಡಿದು ನೀರಿನಲ್ಲಿ ನಿಂತಿದ್ದಾಳೆ. ಅದನ್ನು ಹಚ್ಚಿದ ದಿನ ಕಾಕಾ ಕೆಂಪು ಬಣ್ಣದ ಡಬ್ಬಿ, ಬ್ರಶ್ಶು ಹಿಡಿದು ಮೇಲೆ ಬಂದರು. ಚಷ್ಮಾ ಏರಿಸಿ ಒಂದು ಕೈ ಎಣಿಸಿದರು, ಇನ್ನೊಂದು ಕೈ ಎಣಿಸಿದರು. ಏನೂ ಹಚ್ಚದೆ ಇಳಿದು ಹೋದರು. ಆ ದಿನ ನಾನು ಕೆಳಗಿನ ಕ್ಯಾಂಟೀನಿನಲ್ಲಿ ಎಲ್ಲರಿಗೂ ಚಹಾ ಕೊಡಿಸಿದೆ.

ಇಷ್ಟಕ್ಕೆ ಸುಯೋಗ ಸೋಲುವವನಲ್ಲ. ನಿನ್ನೆ ಸಂಜೆ ಪೋಸ್ಟರಿನ ಬಾಜು ಒಂದು ಹಾಳೆ ಅಂಟಿಸಿ ಹೋಗಿದ್ದ. ‘ನಾಲ್ಕನೇ ಭಾಗ: ಹೊನ್ನವ್ವನ ಮಗಳು. ವಯಸ್ಸು ಹತ್ತೊಂಬತ್ತು. ಗೋವಾ. ನೆನಪು ಹೋಗಿದೆ.’ ಇವತ್ತು ಮುಂಜಾನೆ ನಾನು ಎಲ್ಲರಿಗಿಂತ ಮೊದಲು ಬಂದೆ. ಕಡೆಯ ಸಾಲಿನ ಮೇಲೆ ಕೆಂಪು ಬೊಟ್ಟು ಇತ್ತು. ಮುಟ್ಟಿ ನೋಡಿದೆ. ಇನ್ನೂ ಹಸಿ ಇತ್ತು. ನನ್ನ ಕಿರುಬೆರಳಿಗೂ ಹತ್ತಿತು.